ಡೆಟ್ರಾಯಿಟ್ ಮ್ಯೂಸಿಯಂನ ಗೋಡೆಯ ಮೇಲೆ ಡೆಟ್ರಾಯಿಟ್ ಎಲ್ಲಿದೆ?

ಪ್ರಶ್ನೆ ಕೇಳಿದವರು: ದಾವಣಗೆರೆ_ಮಿಶಿಗನ್

ಎಲ್ಲರಿಗೂ ನಮಸ್ಕಾರ. ನಾನು ಡೆಟ್ರಾಯಿಟ್ ನಗರದ ಹೊರವಲಯದಲ್ಲಿ, ಕಾರಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಲ್ಲಿನ ಕನ್ನಡಿಗರಲ್ಲಿ ಬಹಳ ಮಂದಿ ನನ್ನಂತೆಯೇ ಕಾರಿನ ಅನ್ನ ಉಣ್ಣುವವರು. ಆದರೂ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಎಂಬ ಕಲಾ ಮ್ಯೂಸಿಯಂನ ಒಳಗೆ ನಾನು ಕಾಲಿಟ್ಟದ್ದು ಕಳೆದ ತಿಂಗಳು, ಅದೂ ಊರಿನಿಂದ ಬಂದಿದ್ದ ಅಮ್ಮನ ನೆಪದಿಂದ.

ಅಲ್ಲಿ ಗಾಜಿನ ಚಾವಣಿಯಿರುವ ಒಂದು ದೊಡ್ಡ ಅಂಗಳವಿದೆ. ಅದರ ನಾಲ್ಕೂ ಗೋಡೆಗಳ ಮೇಲೆ ಮೆಕ್ಸಿಕೋದ ಚಿತ್ರಕಾರ ಡಿಯೇಗೊ ರಿವೆರಾ 1932 ಮತ್ತು 1933ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಅಮ್ಮ ಬೆಂಚಿನ ಮೇಲೆ ಕುಳಿತು ದಕ್ಷಿಣದ ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, ‘ಇಷ್ಟೊಂದು ಜನ ಸೇರ್ಕೊಂಡು ಏನು ಮಾಡ್ತಿದಾರೋ, ಕಾರೇ ಕಾಣ್ಸಲ್ವಲ್ಲ’ ಎಂದರು. ಕಾರು ಇದೆ. ಸಾಲಿನ ತುತ್ತತುದಿಯಲ್ಲಿ, ಕೆಳಗೆ ನಿಂತವರಿಗೆ ಹೆಬ್ಬೆರಳಿನ ಉಗುರಿನಷ್ಟು ಕಾಣುವ ಒಂದು ಕೆಂಪು ಕಾರು. ಅದನ್ನು ಹುಡುಕಿ ತೋರಿಸಲು ನನಗೂ ಐದು ನಿಮಿಷ ಬೇಕಾಯಿತು.

ನನ್ನ ಪ್ರಶ್ನೆಗೆ ಒಂದು ಕಾರಣವಿದೆ. ದಾವಣಗೆರೆಯಲ್ಲಿ ಕೆಲವು ಗೆಳೆಯರು ಒಂದು ಸಣ್ಣ ಊರ ಸಂಗ್ರಹಾಲಯ ಮಾಡಲು ಹೊರಟಿದ್ದು, ಅದರ ಹಾಲ್‌ನಲ್ಲಿ ಕಲಾವಿದರಿಂದ ‘ನಮ್ಮ ಊರಿನ ಚಿತ್ರ’ ಬರೆಸಬೇಕೆಂದು ಮಾತುಕತೆ ನಡೆಸಿದ್ದಾರೆ. ಹಣ ಕೊಡಲು ಒಪ್ಪಿರುವವರು ಊರಿನ ಇಬ್ಬರು ಉದ್ಯಮಿಗಳು. ಹೊರಗಿನ ಕಲಾವಿದರೇ, ಊರಿನವರೇ, ಏನು ಬರೆಯಬೇಕೆಂದು ಹೇಳಬೇಕೇ, ಬಿಡಬೇಕೇ ಎಂಬ ಚರ್ಚೆ ಈಗಾಗಲೇ ಜಗಳದ ಅಂಚಿಗೆ ಬಂದಿದೆ. ಹಾಗಾಗಿ ತಿಳಿದವರನ್ನು ಕೇಳುತ್ತಿದ್ದೇನೆ. ಡೆಟ್ರಾಯಿಟ್‌ನ ಮ್ಯೂಸಿಯಂ ತನ್ನ ನಗರದ ಚಿತ್ರವನ್ನು ಬರೆಸಲು, ಇಂಗ್ಲಿಷ್ ಕೂಡ ಸರಿಯಾಗಿ ಬಾರದ, ತಾನು ಕಮ್ಯುನಿಸ್ಟ್ ಎಂದು ಬಹಿರಂಗವಾಗಿ ಹೇಳಿಕೊಳ್ಳುತ್ತಿದ್ದ ಪರದೇಶದ ಕಲಾವಿದನನ್ನು, ಅದೂ ಫೋರ್ಡ್ ಮನೆತನದ ಹಣದಲ್ಲಿ, ಕರೆಸಿದ್ದು ಹೇಗೆ? ಬೀದಿ, ಮನೆ, ಅಂಗಡಿ ಯಾವುದೂ ಇಲ್ಲದ ಈ ಗೋಡೆಗಳನ್ನು ನಗರದ ಚಿತ್ರ ಎನ್ನಲು ಸಾಧ್ಯವೇ?

ಉತ್ತರ 1: ಕುಂಚ_ಕಾಗದ

ನಮಸ್ಕಾರ ಸರ್. ನಾನು ಧಾರವಾಡದಲ್ಲಿ ಕಲಾ ಇತಿಹಾಸ ಪಾಠ ಮಾಡುವವಳು. ಈ ಚಿತ್ರಗಳನ್ನು ಒಮ್ಮೆ ಮಾತ್ರ ಕಣ್ಣಾರೆ ನೋಡಿದ್ದೇನೆ, ಆದರೆ ತರಗತಿಯಲ್ಲಿ ಪ್ರತಿವರ್ಷ ಇವುಗಳ ಬಗ್ಗೆ ಮಾತನಾಡುತ್ತೇನೆ.

ಕರೆಸಿದವರು ಅಂದಿನ ನಿರ್ದೇಶಕ ವಿಲ್‌ಹೆಲ್ಮ್ ವ್ಯಾಲೆಂಟಿನರ್. ಅವರು ಜರ್ಮನಿಯಿಂದ ಬಂದ ವಿದ್ವಾಂಸರು, ಹಳೆಯ ಡಚ್ ಚಿತ್ರಕಲೆಯ ತಜ್ಞರು. ಅಂದರೆ ಕರೆಸಿದವರೂ ಹೊರಗಿನವರೇ. ರಿವೆರಾ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಡೆ ಬರೆಯುತ್ತಿದ್ದಾಗ ಅವರಿಗೆ ಪರಿಚಯವಾಯಿತು, 1931ರಲ್ಲಿ ವ್ಯಾಲೆಂಟಿನರ್ ಡೆಟ್ರಾಯಿಟ್‌ನಿಂದ ಪತ್ರ ಬರೆದರು. ಆ ಪತ್ರದ ಧಾಟಿಯನ್ನು ತಾವು ಗೆಳೆಯರಿಗೆ ತಪ್ಪದೆ ತಿಳಿಸಬೇಕು. ನಗರದ ಇತಿಹಾಸದಿಂದ ಏನನ್ನಾದರೂ, ಇಲ್ಲವೇ ಇಲ್ಲಿನ ಕೈಗಾರಿಕೆ ಬೆಳೆದ ಬಗೆಯನ್ನು ಸೂಚಿಸುವ ಯಾವುದನ್ನಾದರೂ ಆರಿಸಿಕೊಂಡರೆ ಮ್ಯೂಸಿಯಂ ನೋಡಿಕೊಳ್ಳುವ ಕಲಾ ಆಯೋಗಕ್ಕೆ ಸಂತೋಷವಾಗುತ್ತದೆ ಎಂದು ಹೇಳಿ, ಕೊನೆಗೆ ಎಲ್ಲವನ್ನೂ ನಿಮಗೇ ಬಿಡಲು ಆಯೋಗ ತೀರ್ಮಾನಿಸಿದೆ ಎಂದು ಮುಗಿಸಿದ್ದಾರೆ. ಆಶಯ ಹೇಳಿದ್ದಾರೆ, ಕರಾರು ಹಾಕಿಲ್ಲ. ಆ ಆಯೋಗದ ಅಧ್ಯಕ್ಷರಾಗಿದ್ದವರು ಹೆನ್ರಿ ಫೋರ್ಡ್ ಅವರ ಮಗ ಎಡ್ಸೆಲ್ ಫೋರ್ಡ್, ಸಂಭಾವನೆ ಕೊಟ್ಟವರೂ ಅವರೇ.

ಮೊದಲ ಒಪ್ಪಂದವಾದದ್ದು ಉತ್ತರ ಮತ್ತು ದಕ್ಷಿಣದ ಎರಡು ದೊಡ್ಡ ಫಲಕಗಳಿಗೆ, 10,000 ಡಾಲರಿಗೆ. ರಿವೆರಾ 1932ರ ಏಪ್ರಿಲ್‌ನಲ್ಲಿ ಬಂದು, ಊರಿನ ಹೊರಗೆ ಡಿಯರ್‌ಬರ್ನ್‌ನಲ್ಲಿದ್ದ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯನ್ನು ನೋಡಿದ ಮೇಲೆ ಎರಡು ಗೋಡೆ ಸಾಲದೆಂದರು, ನಾಲ್ಕೂ ಗೋಡೆಗಳನ್ನು ಕೇಳಿದರು. ಎಡ್ಸೆಲ್ ಒಪ್ಪಿ ಮೊತ್ತವನ್ನು ಇಮ್ಮಡಿಗೂ ಹೆಚ್ಚು ಮಾಡಿದರು. ರೂಜ್ ಎಂದರೆ ಒಂದು ಕಾರ್ಖಾನೆಯಲ್ಲ, ಕಾರ್ಖಾನೆಗಳ ಊರು. ಒಂದು ಬದಿಯಲ್ಲಿ ಹಡಗಿನಿಂದ ಅದಿರು ಮತ್ತು ಕಲ್ಲಿದ್ದಲು ಇಳಿಯುತ್ತಿತ್ತು, ಇನ್ನೊಂದು ಬದಿಯಿಂದ ಸಿದ್ಧವಾದ ಕಾರು ಹೊರಬರುತ್ತಿತ್ತು. ಹೆಚ್ಚುಕಡಿಮೆ ಮೂರು ತಿಂಗಳು ರಿವೆರಾ ಅಲ್ಲಿ ಮತ್ತು ನಗರದ ಇತರ ಕಾರ್ಖಾನೆಗಳಲ್ಲಿ ಅಲೆದು ರೇಖಾಚಿತ್ರ ಬರೆದುಕೊಂಡರು. ಫೋರ್ಡ್ ಕಂಪನಿಯ ಛಾಯಾಗ್ರಾಹಕ ಸ್ಟೆಟ್ಲರ್, ರಿವೆರಾಗಾಗಿ ಯಂತ್ರಗಳ ಫೋಟೋ ತೆಗೆದುಕೊಟ್ಟರು. ಬಣ್ಣ ಗೋಡೆಗೆ ತಾಗಿದ್ದು ಜುಲೈ ಮುಗಿಯುವ ಹೊತ್ತಿಗೆ.

ಕೆಲಸದ ರೀತಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಬರೆಸುವವರಿಗೆ ಇದು ತಿಳಿದಿರುವುದಿಲ್ಲ. ಇದು ಹಸಿ ಗಾರೆಯ ಮೇಲಿನ ಚಿತ್ರ. ಸುಣ್ಣವನ್ನು ಅರಳಿಸಿ, ಅಮೃತಶಿಲೆಯ ಪುಡಿ ಬೆರೆಸಿ, ಒಂದು ದಿನದಲ್ಲಿ ಬರೆಯಲಾಗುವಷ್ಟು ಜಾಗಕ್ಕೆ ಮಾತ್ರ ಸಹಾಯಕರು ರಾತ್ರಿಯೇ ಕೊನೆಯ ಪದರ ಎಳೆದು, ಅದರ ಮೇಲೆ ರೇಖೆಗಳನ್ನು ಅಚ್ಚೊತ್ತಿ ಇಡುತ್ತಿದ್ದರು. ನೀರಿನಲ್ಲಿ ಅರೆದ ಬಣ್ಣವನ್ನು ರಿವೆರಾ ಆ ಗಾರೆ ಒಣಗುವುದರೊಳಗೆ ಹಚ್ಚಿ ಮುಗಿಸಬೇಕಿತ್ತು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ತಪ್ಪಾದರೆ ಆ ತುಂಡನ್ನು ಕೆತ್ತಿ ತೆಗೆದು ಮರುದಿನ ಮತ್ತೆ ಗಾರೆ ಹಾಕಬೇಕು. ಕಮಿಟಿಯವರು ಬಂದು ‘ಇಲ್ಲಿ ಸ್ವಲ್ಪ ಬದಲಾಯಿಸಿ’ ಎನ್ನಲು ಈ ವಿಧಾನದಲ್ಲಿ ಅವಕಾಶವೇ ಕಡಿಮೆ. ಅದೊಂದು ವರವೆಂದೇ ನನ್ನ ಅನಿಸಿಕೆ.

ಬೀದಿಯಿಲ್ಲದೆ ನಗರದ ಚಿತ್ರ ಹೇಗಾಯಿತು ಎಂಬುದಕ್ಕೆ ನನ್ನ ಉತ್ತರ ಇಷ್ಟು. ಡೆಟ್ರಾಯಿಟ್ ಎಂಬ ನಗರ ದಿನವಿಡೀ ಏನು ಮಾಡುತ್ತಿತ್ತೋ ಅದನ್ನು ರಿವೆರಾ ಬರೆದರು. ಮೇಲ್ಭಾಗದಲ್ಲಿ ಅದಿರು, ಕಲ್ಲಿದ್ದಲು, ಮರಳು, ಸುಣ್ಣಕಲ್ಲುಗಳಿಗೆ ನಾಲ್ಕು ಬಣ್ಣದ ನಾಲ್ಕು ಭಾರೀ ಸ್ತ್ರೀರೂಪಗಳಿವೆ, ನಡುವೆ ಎರಕ ಮತ್ತು ಜೋಡಣೆ ಇದೆ, ತೀರಾ ಕೆಳಗೆ ಬೂದು ಬಣ್ಣದ ಸಣ್ಣ ಪಟ್ಟಿಗಳಲ್ಲಿ ಕಾರ್ಮಿಕನು ಗಡಿಯಾರಕ್ಕೆ ಕಾರ್ಡು ಒತ್ತಿ ಒಳಗೆ ಹೋಗುವುದರಿಂದ ಹಿಡಿದು ಅವನ ಒಂದು ದಿನವಿದೆ. ಜನ ಆ ಪಟ್ಟಿಗಳನ್ನು ನೋಡದೆಯೇ ಹೊರಟುಬಿಡುತ್ತಾರೆ. ಅಮ್ಮನವರನ್ನು ಮತ್ತೊಮ್ಮೆ ಕರೆದುಕೊಂಡು ಹೋದರೆ ದಯವಿಟ್ಟು ತೋರಿಸಿ.

ಉತ್ತರ 2: ಎರಕದ_ಶೆಡ್

ನಾನು ಕಲೆ ಓದಿದವನಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಮೂವತ್ತು ವರ್ಷ ಫೌಂಡ್ರಿಯಲ್ಲಿ ದುಡಿದು ಈಗ ಮನೆಯಲ್ಲಿದ್ದೇನೆ. ಈ ಚರ್ಚೆ ನೋಡಿ ಉತ್ತರದ ಗೋಡೆಯ ಚಿತ್ರವನ್ನು ಮಗಳಿಂದ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿ ಎರಡು ಸಂಜೆ ನೋಡಿದೆ.

ಆ ಗೋಡೆಯಲ್ಲಿ ತಯಾರಾಗುತ್ತಿರುವುದು ಫೋರ್ಡ್ 1932ರಲ್ಲಿ ಹೊರತಂದ ವಿ-8 ಎಂಜಿನ್. ಎಂಟು ಸಿಲಿಂಡರುಗಳ ಬ್ಲಾಕನ್ನು ಒಂದೇ ತುಂಡಾಗಿ ಎರಕ ಹೊಯ್ದು, ಸಾಮಾನ್ಯರು ಕೊಳ್ಳುವ ಬೆಲೆಯ ಕಾರಿಗೆ ಕೂರಿಸಿದ್ದು ಅಂದಿಗೆ ದೊಡ್ಡ ಸಾಹಸವಾಗಿತ್ತು. ಈ ಕೆಲಸ ಮಾಡಿದವರಿಗೆ ಗೊತ್ತು, ಒಳಗಿನ ಟೊಳ್ಳುಗಳಿಗೆಲ್ಲ ಮರಳಿನ ಕೋರ್ ಮಾಡಿ ಕೂರಿಸಬೇಕು, ಒಂದು ಕೋರ್ ಕೂದಲೆಳೆಯಷ್ಟು ಸರಿದರೂ ಇಡೀ ಬ್ಲಾಕ್ ಗುಜರಿಗೆ. ರಿವೆರಾ ಆ ಮರಳಿನ ಕೆಲಸವನ್ನು ಬಿಟ್ಟಿಲ್ಲ. ಮೇಲೆ ಕುಲುಮೆಯ ಬೆಂಕಿ, ಕೆಳಗೆ ಮೋಲ್ಡಿಂಗ್, ಆಮೇಲೆ ಸಾಲು ಸಾಲು ಸ್ಪಿಂಡಲ್‌ಗಳ ಡ್ರಿಲ್ಲಿಂಗ್ ಮಷೀನುಗಳು, ಇವುಗಳ ನಡುವೆ ಹಾವಿನ ಹಾಗೆ ಸುತ್ತಿಕೊಂಡು ಹೋಗುವ ಕನ್ವೇಯರ್. ನಿಜವಾದ ಕಾರ್ಖಾನೆಯಲ್ಲಿ ಇವೆಲ್ಲ ಬೇರೆ ಬೇರೆ ಶೆಡ್ಡುಗಳಲ್ಲಿರುತ್ತವೆ, ಒಂದೇ ಕಣ್ಣೋಟಕ್ಕೆ ಸಿಕ್ಕುವುದಿಲ್ಲ. ಅವರು ಗೋಡೆಗಳನ್ನು ಕಿತ್ತುಹಾಕಿ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿದ್ದಾರೆ, ಆದರೆ ಕೆಲಸದ ಕ್ರಮ ತಪ್ಪಿಲ್ಲ.

ನನಗೆ ಹಿಡಿಸಿದ್ದು ಆಳುಗಳ ಬೆನ್ನು. ಭಾರ ಎಳೆಯುವವನು ಕೈಯಿಂದ ಎಳೆಯುವುದಿಲ್ಲ, ಹಿಮ್ಮಡಿ ಊರಿ, ಸೊಂಟ ಹಿಂದೆ ಕೊಟ್ಟು, ಮೈಯ ತೂಕದಿಂದ ಎಳೆಯುತ್ತಾನೆ. ಹೊಸದಾಗಿ ಸೇರಿದ ಹುಡುಗರು ಕೈಯಿಂದ ಎಳೆದು ಒಂದು ವಾರದಲ್ಲಿ ಭುಜ ಹಿಡಿಸಿಕೊಂಡು ಮನೆಗೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಚಿತ್ರದಲ್ಲಿ ಒಬ್ಬನೂ ಹಾಗೆ ಎಳೆಯುತ್ತಿಲ್ಲ. ಕುರ್ಚಿಯ ಮೇಲೆ ಕುಳಿತು ಫೋಟೋ ನೋಡಿಕೊಂಡು ಬರೆದವರಿಗೆ ಇದು ದಕ್ಕುವುದಿಲ್ಲ, ಆ ಮನುಷ್ಯ ಶೆಡ್ಡಿನೊಳಗೆ ನಿಂತು ನೋಡಿದ್ದಾನೆ. ದಕ್ಷಿಣದ ಗೋಡೆಯಲ್ಲಿ ಕಣ್ಣು ಕೆಕ್ಕರಿಸಿ ನಿಂತಿರುವ ಸೂಪರ್‌ವೈಸರ್ ಕೂಡ ಸರಿಯಾಗಿಯೇ ಇದ್ದಾನೆ. ಅಂಥವನು ಎಲ್ಲ ಕಡೆಯೂ ಒಬ್ಬನಿರುತ್ತಾನೆ.

ಅದೇ ಗೋಡೆಯಲ್ಲಿ ಒಂದು ದೊಡ್ಡ ಸ್ಟ್ಯಾಂಪಿಂಗ್ ಪ್ರೆಸ್, ಅಂದರೆ ತಗಡನ್ನು ಅಚ್ಚಿಗೆ ಒತ್ತಿ ಆಕಾರ ಕೊಡುವ ಯಂತ್ರ, ಇದೆ. ಅದನ್ನು ಮೆಕ್ಸಿಕೋದ ಹಳೆಯ ದೇವತೆ ಕೋಆಟ್ಲಿಕ್ಯುವಿನ ಶಿಲಾಮೂರ್ತಿಯ ಆಕಾರ ಬರುವಂತೆ ಬರೆದಿದ್ದಾರಂತೆ, ಅದಕ್ಕಾಗಿಯೇ ಆಗ ಬಳಕೆಯಲ್ಲಿದ್ದ ಪ್ರೆಸ್ಸನ್ನು ಬಿಟ್ಟು ಹಳೆಯ ಮಾದರಿಯೊಂದನ್ನು ಆರಿಸಿಕೊಂಡರಂತೆ. ಮಗಳು ಇದನ್ನು ಓದಿ ಹೇಳಿ ಆಶ್ಚರ್ಯಪಟ್ಟಳು. ನನಗೆ ಆಶ್ಚರ್ಯವಾಗಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ನಾವು ಪ್ರೆಸ್ಸನ್ನು ತೊಳೆದು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಕೈಮುಗಿಯುತ್ತಿದ್ದೆವು. ಬೆರಳು ತೆಗೆದುಕೊಳ್ಳಬಲ್ಲ ಯಂತ್ರಕ್ಕೆ ಕೈಮುಗಿಯುವುದು ಭಕ್ತಿಯೋ ಭಯವೋ, ಮುಗಿಯುವವರಿಗೂ ಪೂರ್ತಿ ಗೊತ್ತಿರುವುದಿಲ್ಲ.

ಒಂದೇ ಕೊರತೆ. ಅಷ್ಟು ಬೆಂಕಿಯ ನಡುವೆಯೂ ಯಾರ ಅಂಗಿಯೂ ಬೆವರಿನಿಂದ ಒದ್ದೆಯಾದಂತೆ ನನಗೆ ಕಾಣಲಿಲ್ಲ.

ಉತ್ತರ 3: ಅಗ್ರಹಾರ_ಮೈಸೂರು

ಮೇಡಂ ಅವರ ವಿವರಣೆಗೆ ಧನ್ಯವಾದ. ಆದರೆ ‘ಎಲ್ಲವನ್ನೂ ಕಲಾವಿದರಿಗೇ ಬಿಟ್ಟರು’ ಎಂಬಲ್ಲಿಗೆ ಕಥೆಯನ್ನು ನಿಲ್ಲಿಸುವುದು ಸರಿಯಲ್ಲವೆಂದು ನನಗೆ ತೋರುತ್ತದೆ. 1932ರ ಮಾರ್ಚ್ 7ರಂದು, ಅಂದರೆ ರಿವೆರಾ ಬರುವುದಕ್ಕೆ ಆರೇಳು ವಾರ ಮೊದಲು, ಕೆಲಸ ಕಳೆದುಕೊಂಡ ಸಾವಿರಾರು ಜನ ಡೆಟ್ರಾಯಿಟ್‌ನಿಂದ ಇದೇ ರೂಜ್ ಕಾರ್ಖಾನೆಯ ಗೇಟಿನವರೆಗೆ ಹಸಿವಿನ ಮೆರವಣಿಗೆ ಮಾಡಿದರು. ಪೊಲೀಸರು ಮತ್ತು ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು. ನಾಲ್ವರು ಗುಂಡೇಟಿನಿಂದ ಸತ್ತರು, ಐದನೆಯವರು ಆಮೇಲೆ ಪ್ರಾಣಬಿಟ್ಟರು. ಆ ಮೆರವಣಿಗೆ ಗೋಡೆಯ ಮೇಲಿಲ್ಲ. ಕೆಲಸವಿಲ್ಲದ ಒಬ್ಬ ಮನುಷ್ಯನೂ 27 ಫಲಕಗಳಲ್ಲಿ ಇಲ್ಲ, ಊರಿನ ತುಂಬ ಅಂಥವರೇ ಇದ್ದ ವರ್ಷದಲ್ಲಿ. ಬಿಳಿಯರು, ಕರಿಯರು ಹೆಗಲಿಗೆ ಹೆಗಲು ಕೊಟ್ಟು ದುಡಿಯುವಂತೆ ಬರೆದಿದ್ದಾರೆ, ವಾಸ್ತವದಲ್ಲಿ ಕರಿಯರಲ್ಲಿ ಹೆಚ್ಚಿನವರನ್ನು ಫೌಂಡ್ರಿಯಂಥ ಕಠಿಣ ವಿಭಾಗಗಳಿಗೇ ಹಾಕುತ್ತಿದ್ದರು. ಕಂಪನಿ ಕಾರ್ಮಿಕ ಸಂಘವನ್ನು ಮಾನ್ಯ ಮಾಡಿದ್ದು 1941ರಲ್ಲಿ. ಕರಾರಿನಲ್ಲಿ ಬರೆಯದೆಯೂ ಹಣ ಕೊಡುವವರ ನೆರಳು ಗೋಡೆಯ ಮೇಲೆ ಬೀಳುತ್ತದೆ ಎಂಬುದಷ್ಟೇ ನನ್ನ ಮಾತು. ಎಡ್ಸೆಲ್ ಮತ್ತು ವ್ಯಾಲೆಂಟಿನರ್ ಇಬ್ಬರೂ ದಕ್ಷಿಣದ ಗೋಡೆಯ ಕೆಳಮೂಲೆಯಲ್ಲಿ, ಹಳೆಯ ಕಾಲದ ದೇವಾಲಯದ ಚಿತ್ರಗಳಲ್ಲಿ ದಾನಿಗಳು ನಿಲ್ಲುವಂತೆ, ನಿಂತಿದ್ದಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಮೈಸೂರು ಅರಮನೆಯ ಕಲ್ಯಾಣ ಮಂಟಪ. ಅಂದು ಅದು ಮ್ಯೂಸಿಯಂ ಅಲ್ಲ, ನಿಜ. ಆದರೂ ಒಂದು ಸಾರ್ವಜನಿಕ ಉತ್ಸವದ ದಿನ ಆ ಊರು ಹೇಗೆ ಕಾಣುತ್ತಿತ್ತೆಂಬುದನ್ನು ಗೋಡೆಯ ಮೇಲೆ ಬರೆಸಿದ್ದು ಅಲ್ಲಿಯೂ ಉಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾಗಿ, 1934ರಿಂದ 1945ರ ನಡುವೆ ಸಂಸ್ಥಾನದ ಕಲಾವಿದರು 26 ಫಲಕಗಳಲ್ಲಿ ದಸರಾ ಮೆರವಣಿಗೆಯನ್ನೂ ಇತರ ಉತ್ಸವಗಳನ್ನೂ ಬರೆದರು. ಅಲ್ಲಿಯೂ ಫೋಟೋಗಳನ್ನು ಇಟ್ಟುಕೊಂಡೇ ಬರೆದದ್ದು, ಮುಖಗಳು ಅಂದಿನ ನಿಜವಾದ ವ್ಯಕ್ತಿಗಳ ಮುಖಗಳು. ನಮ್ಮ ಬೀದಿಯ ಒಬ್ಬ ಹಿರಿಯರು ಒಂದು ಫಲಕದ ಮುಂದೆ ನಿಂತು ‘ಇವರು ನಮ್ಮ ತಾತನ ಜೊತೆ ಕಚೇರಿಯಲ್ಲಿದ್ದವರು’ ಎಂದು ಬೆರಳು ಮಾಡಿ ತೋರಿಸಿದ್ದು ನನಗೆ ನೆನಪಿದೆ. ಊರಿನ ಕಲಾವಿದರು ಬರೆದದ್ದರಿಂದ ಈ ಗುರುತು ಸಾಧ್ಯವಾಯಿತು. ಆದರೆ ಮೆರವಣಿಗೆ ಮುಗಿದ ಮೇಲೆ ಬೀದಿ ಗುಡಿಸಿದವರ ಫಲಕವನ್ನು ಅಲ್ಲಿ ನಾನು ಕಂಡಿಲ್ಲ. ಆದ್ದರಿಂದ ಹೊರಗಿನವರೋ ಒಳಗಿನವರೋ ಎಂಬುದಕ್ಕಿಂತ, ಆ ಇಬ್ಬರು ಉದ್ಯಮಿಗಳು ಸಂಗ್ರಹಾಲಯದ ಸಮಿತಿಯಲ್ಲಿ ಕುಳಿತುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಉತ್ತರ 4: ಕುಂಚ_ಕಾಗದ

ಮೈಸೂರಿನವರ ಆಕ್ಷೇಪದಲ್ಲಿ ಹುರುಳಿದೆ. ಹಸಿವಿನ ಮೆರವಣಿಗೆಯ ವಿಷಯವನ್ನು ನಾನೇ ಹೇಳಬೇಕಿತ್ತು, ಹೇಳದಿದ್ದದ್ದು ನನ್ನ ತಪ್ಪು. ಆದರೂ ಹಣದ ನೆರಳು ಎಂಬ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ.

1933ರ ಮಾರ್ಚ್‌ನಲ್ಲಿ ಅಂಗಳ ಸಾರ್ವಜನಿಕರಿಗೆ ತೆರೆದಾಗ ಊರು ಎರಡು ಪಾಲಾಯಿತು. ಮಗುವಿಗೆ ಲಸಿಕೆ ಹಾಕುವ ಫಲಕದಲ್ಲಿ ದಾದಿ, ವೈದ್ಯ, ಮುಂದುಗಡೆ ಹಸು, ಕುದುರೆ, ಕುರಿ, ಹಿಂದೆ ಮೂವರು ವಿಜ್ಞಾನಿಗಳು ಇದ್ದದ್ದನ್ನು ಕಂಡು, ಇದು ಯೇಸುವಿನ ಜನನದ ದೃಶ್ಯದ ಅಣಕವೆಂದು ಧರ್ಮಗುರುಗಳು ಸಿಟ್ಟಾದರು. ನಗರದ ಪ್ರಮುಖ ಪತ್ರಿಕೆಯೊಂದು ಗೋಡೆಗಳಿಗೆ ಸುಣ್ಣ ಬಳಿಯಬೇಕೆಂದು ಸಂಪಾದಕೀಯ ಬರೆಯಿತು. ಆ ಗಲಾಟೆಯಿಂದಲೇ ಜನ ನುಗ್ಗಿದರು, ಒಂದೇ ಭಾನುವಾರ ಸುಮಾರು 10,000 ಮಂದಿ ಬಂದರೆಂದು ಹೇಳುತ್ತಾರೆ. ಎಡ್ಸೆಲ್ ಮಾತ್ರ, ಡೆಟ್ರಾಯಿಟ್‌ನ ಚೇತನವೆಂದು ತಮಗೆ ತೋರಿದ್ದನ್ನು ರಿವೆರಾ ಹೇಳಲು ಯತ್ನಿಸಿದ್ದಾರೆಂಬ ಅರ್ಥದ ಎರಡು ಮಾತು ಆಡಿ ಅವರ ಬೆನ್ನಿಗೆ ನಿಂತರು. ಅದೇ ವರ್ಷ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸೆಂಟರಿನಲ್ಲಿ ಅದೇ ರಿವೆರಾ ಲೆನಿನ್ ಮುಖ ಬರೆದಾಗ ಮಾಲೀಕರು ಕೆಲಸ ನಿಲ್ಲಿಸಿದರು, 1934ರ ಫೆಬ್ರುವರಿಯಲ್ಲಿ ಗೋಡೆಯನ್ನೇ ಒಡೆದುಹಾಕಿಸಿದರು. ಎರಡೂ ಕಡೆ ಹಣ ಸಿರಿವಂತರದೇ. ವ್ಯತ್ಯಾಸವಿದ್ದದ್ದು ಗೋಡೆ ಯಾರದು ಎಂಬುದರಲ್ಲಿ. ಡೆಟ್ರಾಯಿಟ್ ಮ್ಯೂಸಿಯಂ 1919ರಿಂದ ನಗರದ ಸ್ವತ್ತಾಗಿತ್ತು.

ನಗರದ ಸ್ವತ್ತಾಗಿದ್ದುದೇ ಮುಂದೆ ಕಂಟಕವೂ ಆಯಿತು. 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರಾಡಳಿತ ದಿವಾಳಿ ಅರ್ಜಿ ಹಾಕಿದಾಗ ಸಾಲ ಕೊಟ್ಟವರ ಕಣ್ಣು ಮ್ಯೂಸಿಯಂನ ಸಂಗ್ರಹದ ಮೇಲೆ ಬಿತ್ತು. ನಿವೃತ್ತ ನೌಕರರ ಪಿಂಚಣಿಯನ್ನೂ ಕಲಾಕೃತಿಗಳನ್ನೂ ಒಟ್ಟಿಗೆ ಉಳಿಸಲು ಹಲವು ಪ್ರತಿಷ್ಠಾನಗಳು, ರಾಜ್ಯ ಸರ್ಕಾರ ಮತ್ತು ಮ್ಯೂಸಿಯಂ ಸೇರಿ 816 ಮಿಲಿಯನ್ ಡಾಲರ್ ಹೊಂದಿಸಿದವು, ಸಂಗ್ರಹದ ಒಡೆತನ ಲಾಭರಹಿತ ಸಂಸ್ಥೆಗೆ ಹೋಯಿತು. ಅದರಲ್ಲಿ 125 ಮಿಲಿಯನ್ ಕೊಟ್ಟದ್ದು, ಎಡ್ಸೆಲ್ ಮತ್ತು ಅವರ ತಂದೆ 1936ರಲ್ಲಿ ಸ್ಥಾಪಿಸಿದ ಫೋರ್ಡ್ ಫೌಂಡೇಶನ್. ಆದ್ದರಿಂದ ದಾವಣಗೆರೆಯ ಗೆಳೆಯರು ಚಿತ್ರ ಬರೆಸುವ ಮೊದಲು ಕಟ್ಟಡದ ಪತ್ರ ಯಾರ ಹೆಸರಿನಲ್ಲಿದೆ ಎಂಬುದನ್ನು ವಕೀಲರಿಗೆ ತೋರಿಸಲಿ. ಕಲೆಯ ಮೇಷ್ಟ್ರು ಹೇಳುವ ಮಾತಲ್ಲವಿದು, ಆದರೂ ಹೇಳಿದ್ದೇನೆ.

ಪ್ರಶ್ನೆ ಕೇಳಿದವರು: ದಾವಣಗೆರೆ_ಮಿಶಿಗನ್

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗಿ, ಮೇಡಂ ಹೇಳಿದ ಕೆಳಗಿನ ಬೂದು ಪಟ್ಟಿಗಳನ್ನು ತೋರಿಸಿದೆ. ಕಾರ್ಡು ಒತ್ತುವ ಚಿತ್ರದ ಮುಂದೆ ನಿಂತು ಅಮ್ಮ ನಕ್ಕರು. ನನ್ನ ತಂದೆ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು, ಗಿರಣಿ ಮುಚ್ಚಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಬೆಳಗಿನ ಪಾಳಿಯ ಸೈರನ್ ಕೂಗಿದರೆ ಒಲೆಯ ಮೇಲಿನ ಹಾಲು ಇಳಿಸುವ ಹೊತ್ತೆಂದು ನಮ್ಮ ಓಣಿಯ ಹೆಂಗಸರಿಗೆಲ್ಲ ಲೆಕ್ಕವಿತ್ತಂತೆ. ತಂದೆಯ ಅಂಗಿಯನ್ನು ಒಗೆಯುವ ಮೊದಲು ಅಂಗಳದಲ್ಲಿ ಝಾಡಿಸಿದರೆ ಅರಳೆಯ ಧೂಳು ಹಾರುತ್ತಿತ್ತೆಂದು, ಇಷ್ಟು ವರ್ಷ ಹೇಳದಿದ್ದದ್ದನ್ನು, ಆ ಗೋಡೆಯ ಮುಂದೆ ಹೇಳಿದರು.

ಗೆಳೆಯರು ಕಳಿಸಿರುವ ಪಟ್ಟಿಯಲ್ಲಿ ಬೆಣ್ಣೆದೋಸೆ, ಗಾಜಿನ ಮನೆ, ದುಗ್ಗಮ್ಮನ ಜಾತ್ರೆ ಇವೆ, ಗಿರಣಿ ಇಲ್ಲ. ಗಿರಣಿಯನ್ನು ಸೇರಿಸಿ ಎಂದು ನಿನ್ನೆ ರಾತ್ರಿ ಬರೆದೆ, ಯಾವ ಕಲಾವಿದರು ಬಂದರೂ ಮೊದಲ ಒಂದು ತಿಂಗಳು ಕುಂಚ ಹಿಡಿಯದೆ ಊರಿನಲ್ಲಿ ಓಡಾಡಲು ಸಂಭಾವನೆ ಕೊಡಬೇಕೆಂದೂ ಬರೆದೆ. ಮೊದಲನೆಯದಕ್ಕೆ ಒಪ್ಪಿಗೆ ಬಂದಿದೆ. ಎರಡನೆಯದಕ್ಕೆ, ಬರೆಯದ ತಿಂಗಳಿಗೆ ದುಡ್ಡು ಯಾಕೆ ಎಂಬ ಪ್ರಶ್ನೆ ಬಂದಿದೆ. ಫೌಂಡ್ರಿಯ ಹಿರಿಯರು ಬೆನ್ನಿನ ಬಗ್ಗೆ ಬರೆದ ಸಾಲುಗಳನ್ನು ಹಾಗೆಯೇ ಅವರಿಗೆ ಕಳಿಸಬಹುದೇ?

ಉತ್ತರ 5: ಎರಕದ_ಶೆಡ್

ಧಾರಾಳವಾಗಿ ಕಳಿಸಿ. ಅದರ ಜೊತೆಗೆ, ಗಿರಣಿಯಲ್ಲಿ ದುಡಿದವರಲ್ಲಿ ಇನ್ನೂ ಬದುಕಿರುವವರನ್ನು ಹುಡುಕಿಡಲು ಹೇಳಿ. ನೂಲು ಕಡಿದಾಗ ಎರಡು ಬೆರಳಿನಿಂದ ಅದನ್ನು ಹೇಗೆ ಹೊಸೆದು ಸೇರಿಸುತ್ತಿದ್ದರೆಂಬುದನ್ನು ಕಲಾವಿದರಿಗೆ ತೋರಿಸಲು ಅವರೇ ಬೇಕು.